ಕರೆಂಟ್ ಹೋಗದ ಊರಿನ ಆರು ಮಗ್ಗ

ಯಡ್ರಾವ

ಮೊದಲೇ ಹೇಳಿಬಿಡುತ್ತೇನೆ. ಇಟಲಿಯಲ್ಲಿ ಇದ್ದಷ್ಟು ದಿನವೂ ನನಗೆ ಹೊಟ್ಟೆಕಿಚ್ಚು. ರಸ್ತೆ ನೋಡಿದರೆ ಹೊಟ್ಟೆಕಿಚ್ಚು, ಲೈಟಿನ ಕಂಬ ನೋಡಿದರೆ ಹೊಟ್ಟೆಕಿಚ್ಚು, ಕಡೆಗೆ ನನ್ನದೇ ವಯಸ್ಸಿನ ಒಬ್ಬ ಮುದುಕನ ಕಿವಿ ನೋಡಿ ಹೊಟ್ಟೆಕಿಚ್ಚು. ಅದರ ಜೊತೆಗೆ ಎದೆಯಲ್ಲಿ ಹಿಡಿಸಲಾರದಷ್ಟು ಖುಷಿಯೂ ಇತ್ತು. ಯಾಕೆಂದರೆ ನನ್ನನ್ನು ಕರೆದುಕೊಂಡು ಹೋದವಳು ನನ್ನ ಮೊಮ್ಮಗಳು ಸುವರ್ಣಾ. ಅವಳು ಹೋದದ್ದು ತಿರುಗಾಡಲಿಕ್ಕಲ್ಲ, ಮಗ್ಗ ಕೊಳ್ಳಲಿಕ್ಕೆ.

ನಾನು ದತ್ತವಾಡದಲ್ಲಿ ನಾಲ್ಕನೆಯ ಇಯತ್ತೆವರೆಗೆ ಕನ್ನಡ ಕಲಿತವನು. ಆಮೇಲೆ ಇಚಲಕರಂಜಿಗೆ ಬಂದು ನಲವತ್ತು ವರ್ಷ ಪವರ್‌ಲೂಮ್ ಶೆಡ್ಡುಗಳಲ್ಲಿ ಜಾಬರ್ ಆಗಿ ದುಡಿದೆ. ಜಾಬರ್ ಎಂದರೆ ಕೆಟ್ಟು ನಿಂತ ಮಗ್ಗವನ್ನು ಎಬ್ಬಿಸುವವ. ನಾವು ಮಾತಿನಲ್ಲಿ ಮರಾಠಿಯವರ ಹಾಗೆ ಮಗ್ಗಕ್ಕೆ ಮಾಗ ಎನ್ನುತ್ತೇವೆ.

ಸುವರ್ಣಾ ಗಡಹಿಂಗ್ಲಜದ ತನ್ನ ಸೋದರಮಾವನ ಮನೆಯಲ್ಲಿದ್ದು ಡಿಪ್ಲೊಮಾ ಓದಿದಳು. ಈಗ ಇಚಲಕರಂಜಿಯ ಮಗ್ಗುಲಿನ ಯಡ್ರಾವದಲ್ಲಿ ನಾಲ್ವರು ಹೆಣ್ಣುಮಕ್ಕಳ ಜೊತೆ ಸೇರಿ ಶೆಡ್ ನಡೆಸುತ್ತಾಳೆ. ಅಲ್ಲಿ ಇದ್ದದ್ದು ಲಾಳಿ ಹೊಡೆಯುವ ಹಳೆಯ ಮಗ್ಗಗಳು. ಅವುಗಳ ಬಟ್ಟೆಯನ್ನು ಈಗ ಯಾರೂ ಕೇಳುವುದಿಲ್ಲ. ಐವರೂ ಗಟ್ಟಿ ಮನಸ್ಸು ಮಾಡಿ ಅವನ್ನೆಲ್ಲ ಗುಜರಿಗೆ ಕೊಟ್ಟು, ಲಾಳಿಯಿಲ್ಲದ ಮಗ್ಗ ತರುವುದೆಂದು ನೆಲ ತೊಳೆದು ಶೆಡ್ ಖಾಲಿ ಇಟ್ಟಿದ್ದರು. ಹೊಸ ಮಗ್ಗ ನಮ್ಮ ಕೈಗೆ ನಿಲುಕುವುದಿಲ್ಲ. ಇಟಲಿಯಲ್ಲಿ ಒಂದು ಗಿರಣಿ ಮುಚ್ಚುತ್ತಿದೆ, ಅಲ್ಲಿಯ ಆರು ಮಗ್ಗ ಮಾರಾಟಕ್ಕಿವೆ ಎಂದು ಫೋನಿನಲ್ಲಿ ಒಬ್ಬ ದಲಾಲ ಸಿಕ್ಕಿದ್ದ. ಕೆಟ್ಟ ಮಗ್ಗ ಬಂದರೆ ಐದು ಮನೆ ಬರೀ ನೆಲ ನೋಡುತ್ತ ಕೂಡಬೇಕು. ಆದ್ದರಿಂದ ಓಡುವಾಗಲೇ ಕಣ್ಣಾರೆ ನೋಡಿ ತರಬೇಕಿತ್ತು.

ಸುವರ್ಣಾ ಒಬ್ಬಳೇ ಹೊರಟಿದ್ದಳು. ಅಡ್ಡ ಬಂದವಳು ಶೆಡ್ಡಿನ ಹಿರಿಯಳು ಶೋಭಕ್ಕ.

"ಜಾಬರ್ ಅಜ್ಜನ್ನ ಕರ್ಕೊಂಡ ಹೋಗ. ಮಾಗದ ಸಪ್ಪಳ ಕೇಳಿ ಅದರ ಜಡ್ಡು ಹೇಳ್ತಾರ ಅವರು."

"ಅಜ್ಜನ ಮಾಗ ಬ್ಯಾರೆ ಶೋಭಕ್ಕಾ, ಇವು ಬ್ಯಾರೆ."

"ಬ್ಯಾರೆ ಇರ್ಲಿ. ಕಬ್ಬಿಣ ಅಂತೂ ಕಬ್ಬಿಣ ಐತಿಲ್ಲ."

ನಾನು ಬಾಗಿಲ ಮರೆಯಲ್ಲೇ ಇದ್ದೆ. 'ಅಜ್ಜನ ಮಾಗ ಬ್ಯಾರೆ' ಎಂದದ್ದು ಚುಚ್ಚಿತು. ಆದರೂ ಮರುದಿನವೇ ಪಾಸ್‌ಪೋರ್ಟಿನ ಫೋಟೋಕ್ಕೆ ಹೊಸ ಟೊಪ್ಪಿಗೆ ಕೊಂಡೆ. ಫೋಟೋ ತೆಗೆಯುವವ ಟೊಪ್ಪಿಗೆ ತೆಗೆಸಿದ.

ರೈಲಿನ ಕಿಟಕಿ

ವಿಮಾನದ ಮಾತು ಬಿಡಿ, ಅದರಲ್ಲಿ ನಾನು ಕಂಡದ್ದು ಮುಂದಿನವರ ತಲೆ ಮಾತ್ರ. ಮಿಲಾನ್‌ನಲ್ಲಿ ಇಳಿದು ರೈಲು ಹತ್ತಿದ ಮೇಲೆ ನನ್ನ ಕಣ್ಣು ತೆರೆಯಿತು. ಎಲ್ಲರೂ ಗುಡ್ಡ ನೋಡುತ್ತಾರಂತೆ. ನಾನು ತಂತಿ ನೋಡಿದೆ. ಎಲ್ಲಿಯೂ ಜೋತು ಬಿದ್ದಿಲ್ಲ. ಒಂದು ಕಂಬಕ್ಕೂ ಆಕಡಾ, ಅಂದರೆ ಕೊಕ್ಕೆ, ಹಾಕಿ ಕದ್ದು ಕರೆಂಟ್ ಎಳೆದದ್ದು ಕಾಣಲಿಲ್ಲ. ಟ್ರಾನ್ಸ್‌ಫಾರ್ಮರಿಗೆ ಬಣ್ಣ ಬಳಿದು ಸುತ್ತ ಹೂವಿನ ಗಿಡ ಹಚ್ಚಿದ್ದಾರೆ. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಇಡೀ ಗಲ್ಲಿ ಹೋಗಿ ಅದರ ಮುಂದೆ ನಿಲ್ಲುತ್ತದೆ, ಹೆಣದ ಮುಂದೆ ನಿಂತ ಹಾಗೆ.

"ಸುವರ್ಣಾ, ಇವರಿಗೆ ವಾರದಾಗ ಯಾವ ದಿನ ಕರೆಂಟ್ ಬಂದ್?"

"ಬಂದ್ ಇಲ್ಲಜ್ಜಾ ಇಲ್ಲೆ."

"ಲೈನ್ ರಿಪೇರಿ?"

"ಮಾಡ್ತಿರಬೇಕು. ಯಾರಿಗೂ ತಿಳೀದಂಗ ಮಾಡ್ತಾರ."

ಅವಳು ಸುಳ್ಳು ಹೇಳುತ್ತಾಳೆ ಎಂದೇ ನನಗೆ ಅನ್ನಿಸಿತು.

ಸಿಲ್ವಾನಾ ಬಾಯಿಯ ಮನೆ

ಗುಡ್ಡದ ಬುಡದ ಒಂದು ಸಣ್ಣ ಊರು. ನಾವು ಇಳಿದುಕೊಂಡದ್ದು ಸಿಲ್ವಾನಾ ಎಂಬ ಹೆಂಗಸಿನ ಮನೆಯ ಎರಡು ಕೋಣೆಗಳಲ್ಲಿ. ನಮ್ಮ ಕಡೆಯ ರೂಢಿಯಂತೆ ನಾನು ಅವಳನ್ನು ಬಾಯಿ ಎಂದೇ ಕರೆದೆ. ಹೋದ ಸಂಜೆಯೇ ನಾನು ನನ್ನ ಅಭ್ಯಾಸದ ಕೆಲಸ ಮಾಡಿದೆ. ಸ್ನಾನದ ಕೋಣೆಯ ತೊಟ್ಟಿ ತುಂಬಿಸಿದೆ, ಅಡುಗೆಮನೆಯ ಎರಡು ಪಾತೆಲಿ ತುಂಬಿಸಿದೆ, ಬ್ಯಾಟರಿ ಚಾರ್ಜಿಗೆ ಹಚ್ಚಿ ತಲೆದೆಸೆಯಲ್ಲಿಟ್ಟೆ. ಬಾಯಿ ಬಂದು ನೋಡಿದಳು. ಭಾಷೆ ತಿರುಗಿಸಿ ಹೇಳುವ ಸುವರ್ಣಾಳ ಫೋನಿನಲ್ಲಿ ಏನೋ ಕೇಳಿದಳು. ಕರೆಂಟ್ ಹೋದರೆ ಇರಲಿ ಎಂದು ಮಾಡಿದ್ದಾರೆ ಎಂದು ಇವಳು ಅದೇ ಫೋನಿನಲ್ಲಿ ತಿಳಿಸಿದಳು.

ಬಾಯಿ ಬಹಳ ಹೊತ್ತು ನನ್ನ ಮುಖ ನೋಡಿ, ಒಳಗೆ ಹೋಗಿ ಮೊಲದ ಆಕಾರದ ಒಂದು ಪುಟ್ಟ ದೀಪ ತಂದು ನನ್ನ ಹಾಸಿಗೆಯ ಹತ್ತಿರದ ಪ್ಲಗ್ಗಿಗೆ ಸಿಕ್ಕಿಸಿದಳು. ಭುಜ ತಟ್ಟಿದಳು.

"ಏನಂತಾಳು?"

ಸುವರ್ಣಾ ನಗು ತಡೆದುಕೊಂಡು ಹೇಳಿದಳು. "ಕತ್ತಲಿಗೆ ಅಂಜಬ್ಯಾಡ ಅಂತಾರ. ಇದು ಅವರ ಮೊಮ್ಮಗಂದಂತ, ಅವನೂ ಮೊದಲ ಅಂಜತಿದ್ನಂತ."

ಆ ಮೊಲ ಐದು ದಿನವೂ ನನ್ನನ್ನು ನೋಡುತ್ತ ಕೂತಿತ್ತು. ಕರೆಂಟ್ ಹೋಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾದ ಊರು ಒಂದಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಗಿರಣಿ

ಮರುದಿನ ಗಿರಣಿಗೆ ಹೋದೆವು. ನೆಲದ ಮೇಲೆ ಚಪಾತಿ ಲಟ್ಟಿಸಬಹುದು, ಅಷ್ಟು ಸ್ವಚ್ಛ. ಹತ್ತಿಯ ಧೂಳು ಎಲ್ಲಿ ಹೋಗುತ್ತದೆ ಎಂದು ಹುಡುಕಿದೆ. ಅದನ್ನು ಎಳೆದುಕೊಳ್ಳಲು ಮೇಲೆ ಕೊಳವೆ ಇದ್ದವು. ಇಚಲಕರಂಜಿಯಲ್ಲಿ ಆ ಕೆಲಸವನ್ನು ನಮ್ಮ ಪುಪ್ಪುಸಗಳು ಮಾಡುತ್ತವೆ.

ಉದ್ದನೆಯ, ಕಿಟಕಿಯಿಲ್ಲದ ಹಾಲ್. ಮುಕ್ಕಾಲು ಭಾಗ ಖಾಲಿ, ಮಗ್ಗ ಕಿತ್ತ ಜಾಗದಲ್ಲಿ ಬೋಲ್ಟಿನ ತೂತು ಮಾತ್ರ. ಕೊನೆಯ ಆರ್ಡರಿನ ಬಟ್ಟೆ ನೇಯುತ್ತ ಆರು ಮಗ್ಗ ಒಂದೇ ಸಾಲಿನಲ್ಲಿ ಓಡುತ್ತಿದ್ದವು. ನೀಲಿ ಸೂಟಿನ ದಲಾಲ ಸುವರ್ಣಾಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. ಅವನ ಹಿಂದಿನಿಂದ ಬಂದವನು ಬ್ರೂನೋ, ಆ ಗಿರಣಿಯ ಜಾಬರ್. ನನ್ನಷ್ಟೇ ವಯಸ್ಸು, ನನಗಿಂತ ನೆಟ್ಟಗಿನ ಬೆನ್ನು. ನನ್ನ ಕೈ ಕುಲುಕಿ, ಕೈ ಬಿಡದೆ ಅಂಗೈ ತಿರುಗಿಸಿ ಬೆರಳಿನ ಗಾಯದ ಗುರುತು ನೋಡಿದ. ತನ್ನದನ್ನೂ ತೋರಿಸಿದ. ಅಲ್ಲಿಯವರೆಗೆ ಚೆನ್ನಾಗಿತ್ತು.

ಆಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ನನ್ನ ಕಿವಿಗೆ ಎರಡು ದಪ್ಪ ಮುಚ್ಚಳ ಹಾಕಿದ್ದು. ಅಲ್ಲಿಯ ಕಾನೂನಂತೆ. ಮಗ್ಗದ ಸಪ್ಪಳ ಕೇಳಲಿಕ್ಕೆಂದು ಸಮುದ್ರ ದಾಟಿ ತಂದ ಕಿವಿ ಬಾಗಿಲಲ್ಲೇ ಬಂದಾಯಿತು. ಹೊರಗೆ ಬಂದಾಗ ಗೊತ್ತಾದದ್ದು ಇನ್ನೂ ಕೆಟ್ಟದ್ದು. ಹತ್ತು ಹೆಜ್ಜೆ ಆಚೆ ಸುವರ್ಣಾ ಪಿಸುಗುಟ್ಟಿದ್ದಕ್ಕೆ ಬ್ರೂನೋ ತಿರುಗಿ ನೋಡಿದ. ನನಗೆ ಅವಳು ಮಗ್ಗುಲಲ್ಲಿ ನಿಂತು ಕೂಗಬೇಕು. ಅಷ್ಟೇ ವರ್ಷ ಅದೇ ಕೆಲಸ ಮಾಡಿದ ಎರಡು ಜೊತೆ ಕಿವಿ, ಒಂದನ್ನು ಯಾರೋ ಕಾಪಾಡಿದ್ದಾರೆ.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಮತ್ತೊಂದು. ಮತ್ತೆ ಒಳಗೆ ಹೋದಾಗ ಸುವರ್ಣಾ ಬ್ರೂನೋನ ಮಗ್ಗುಲಲ್ಲಿ ನೆಲದ ಮೇಲೆ ಕೂತು, ಅವನು ಮಗ್ಗದ ಬದಿಯ ಮುಚ್ಚಳ ಬಿಚ್ಚಿ ತೋರಿಸಿದ್ದನ್ನೆಲ್ಲ ವಹಿಯಲ್ಲಿ ಬರೆದುಕೊಂಡಳು. ಅವನು ಕೈಯಾಡಿಸಿ ಹೇಳುತ್ತಾನೆ, ದಲಾಲ ಇಂಗ್ಲಿಷ್ ಮಾಡುತ್ತಾನೆ, ಇವಳು ತಲೆದೂಗುತ್ತಾಳೆ. ಇದೇ ಹುಡುಗಿ ನಾನು ಮಗ್ಗದ ಬಗ್ಗೆ ಬಾಯಿ ತೆರೆದರೆ 'ಹೂಂ ಅಜ್ಜಾ, ಗೊತ್ತೈತಿ' ಎಂದು ಎದ್ದು ಹೋಗುವವಳು. ನಾನು ಅಲ್ಲಿಂದ ದೂರ ಹೋಗಿ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ನಿಂತೆ. ಆರಕ್ಕೆ ಆರೂ ಬೆಣ್ಣೆಯಂತೆ ಓಡುತ್ತಿದ್ದವು. ಒಂದಾದರೂ ತಪ್ಪು ಸಿಕ್ಕಿದ್ದರೆ ಜೀವಕ್ಕೆ ಹಿತವಾಗುತ್ತಿತ್ತು.

ಊಟದ ಹೊತ್ತು

ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಊಟ. ನನ್ನ ಹೆಂಡತಿ ಕಟ್ಟಿಕೊಟ್ಟ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಬ್ರೂನೋನಿಗೂ ಕೊಟ್ಟೆ. ಚಟ್ನಿ ತಿಂದು ಅವನು ಮೂಗು ಒರೆಸಿಕೊಂಡ, ಮತ್ತೆ ಕೈ ಚಾಚಿದ.

ಇಷ್ಟು ಚೆಂದದ ಗಿರಣಿ ಯಾಕೆ ಮುಚ್ಚುತ್ತೀರಿ ಎಂದು ಸುವರ್ಣಾಳ ಕೈಲಿ ಕೇಳಿಸಿದೆ. ಅವನು ಮೇಲಿನ ಲೈಟಿನ ತಂತಿಯ ಕಡೆ ಬೆರಳು ತೋರಿಸಿದ.

"ಕರೆಂಟ್ ತುಟ್ಟಿ ಆತಂತಜ್ಜಾ. ಗ್ಯಾಸ್ ಹೊರಗಿನ ದೇಶದಿಂದ ಬರ್ಬೇಕು, ಅದರ ಮ್ಯಾಲೆ ಕರೆಂಟ್. ನೇಯ್ದಷ್ಟೂ ಲುಕ್ಸಾನು ಅಂತ ಮಾಲಕ್ರು ಕೈ ಬಿಟ್ಟಾರ."

"ಕರೆಂಟ್ ಹೋಗೂದಿಲ್ಲ ಅಂದಿ?"

"ಹೋಗೂದಿಲ್ಲ. ಇರ್ತೈತಿ. ಇವರಿಗೆ ತಗೊಳ್ಳಾಕ ಆಗೂದಿಲ್ಲ."

ಇದು ನನ್ನ ಹೊಟ್ಟೆಕಿಚ್ಚಿಗೆ ಸ್ವಲ್ಪ ನೀರು ಹಾಕಿತು, ನಿಜ. ನಮ್ಮಲ್ಲಿ ಸರಕಾರ ಮಗ್ಗದವರಿಗೆ ಸೋವಿ ಕರೆಂಟ್ ಕೊಡುತ್ತದೆ, ಆದರೆ ಅದು ನೆಂಟನಂತೆ ಬಂದು ಹೋಗುತ್ತದೆ. ಇವರದು ಮನೆಯಲ್ಲೇ ಕೂತಿದೆ, ಸಾಕಲಿಕ್ಕೆ ಆಗುತ್ತಿಲ್ಲ. ಆದರೂ ನೀರು ಹಾಕಿದ ಮೇಲೆ ಹೊಗೆ ಜಾಸ್ತಿಯಾಯಿತು. ಯಾಕೆಂದರೆ ಸುವರ್ಣಾ ರೊಟ್ಟಿ ಮುರಿಯುತ್ತ ಇನ್ನೊಂದು ಮಾತು ಕೇಳಿದಳು.

"ಅಜ್ಜಾ, ಕೊಲ್ಲಾಪುರದ ಫೌಂಡ್ರಿಗಳಾಗ ಎಂತೆಂಥಾ ಮೋಟಾರಿಗೆ ಎರಕ ಹೊಯ್ತಾರ. ನಾವು ಊರತುಂಬ ಬಟ್ಟಿ ನೇಯ್ತೇವಿ. ಇಂಥಾ ಮಾಗ ನಾವ ಯಾಕ ಮಾಡ್ಲಿಲ್ಲ?"

 ಕೆಟ್ಟದ್ದನ್ನು ಸರಿಮಾಡುವುದರಲ್ಲೇ ನನ್ನ ನಲವತ್ತು ವರ್ಷ ಹೋಯಿತು, ಊರಿನದೂ ಹಾಗೇ ಹೋಯಿತು. ಹೊಸದನ್ನು ಮಾಡುವವ ಕೂತು ಯೋಚಿಸಬೇಕು, ನಾವು ಕೂತದ್ದು ಕರೆಂಟ್ ಹೋದಾಗ ಮಾತ್ರ. ಈ ಬ್ರೂನೋನ ದೇಶದವರು ಮಾಡಿದರು, ಇಷ್ಟು ವರ್ಷ ಓಡಿಸಿದರು, ಬಿಟ್ಟರು. ಅವರು ಬಿಟ್ಟದ್ದನ್ನು ಕೊಳ್ಳಲು ನಾವು ಬಂದು ಅವರ ಕಟ್ಟೆಯ ಮೇಲೆ ಕೂತಿದ್ದೇವೆ.

ಮೂರನೆಯ ದಿನ

ನನ್ನ ಮಾನ ಹೋದದ್ದು ಈ ದಿನ.

ಮರುದಿನ ಟರ್ಕಿಯಿಂದ ಇನ್ನೊಬ್ಬ ಗಿರಾಕಿ ಬರುತ್ತಾನೆ, ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಿ, ಕೊಟ್ಟರೆ ಆರೂ ಒಟ್ಟಿಗೇ ಕೊಡುವುದು ಎಂದು ದಲಾಲ ಹೇಳಿದ. ಸುವರ್ಣಾ ಹೂಂ ಎನ್ನುವ ಸನಿಹಕ್ಕೆ ಬಂದಿದ್ದಳು. ಕಾಗದ ಓದಲಿಕ್ಕೆ ಅವನ ಜೊತೆ ಗಾಜಿನ ಆಫೀಸಿಗೆ ಹೋದಳು. ಬ್ರೂನೋ ಕಾಫಿಗೆ ಹೋದ. ನಾನೊಬ್ಬನೇ ಕಿವಿ ಮುಚ್ಚಿಕೊಂಡು, ಆರು ಮಗ್ಗಗಳ ನಡುವೆ ಅಲುಗಾಡದೆ ನಿಂತು ಬಟ್ಟೆ ಇಳಿಯುವುದನ್ನು ನೋಡುತ್ತಿದ್ದೆ.

ಒಮ್ಮೆಲೇ ಕತ್ತಲೆ.

ನೀವು ಇಚಲಕರಂಜಿಯವರಾದರೆ ಮುಂದಿನದು ಹೇಳಬೇಕಾಗಿಲ್ಲ. ಕರೆಂಟ್ ಹೋದ ಕೂಡಲೇ ಜಾಬರ್ ಓಡಬೇಕು, ಒಂದೊಂದೇ ಮಗ್ಗದ ಹಿಡಿಕೆ ಕೆಳಗೆ ತರಬೇಕು. ಇಲ್ಲವಾದರೆ ಕರೆಂಟ್ ಜಿಗಿದು ಬಂದಾಗ ಎಲ್ಲವೂ ಒಟ್ಟಿಗೆ ಎದ್ದು ಮೋಟಾರ್ ಸುಡುತ್ತದೆ, ಲಾಳಿ ಹಾರಿ ಯಾರ ಕಣ್ಣಿಗಾದರೂ ಬಡಿಯುತ್ತದೆ. ನನ್ನ ಕೈ ನನ್ನನ್ನು ಕೇಳಲಿಲ್ಲ. ಮೊದಲ ಮಗ್ಗದ ಕೆಂಪು ಗುಂಡಿ ಒತ್ತಿದೆ. ಎರಡು ಹೆಜ್ಜೆ ಓಡಿದ ಕೂಡಲೇ ಲೈಟ್ ಬಂತು. ಬಂದೇಬಿಟ್ಟಿತು ಎಂದು ಇನ್ನೂ ಅವಸರ ಮಾಡಿ ಉಳಿದ ಐದನ್ನೂ ಟಪಟಪ ಒತ್ತಿದೆ. ಕಡೆಯದನ್ನು ಒತ್ತಿ ಬೆವರು ಒರೆಸಿಕೊಂಡು ನಿಂತೆ, ಒಳ್ಳೆಯ ಕೆಲಸ ಮಾಡಿದವನ ಹಾಗೆ.

ಕರೆಂಟ್ ಹೋಗಿರಲೇ ಇಲ್ಲ. ಕರೆಂಟ್ ತುಟ್ಟಿಯಾದ ಮೇಲೆ ಅವರು ಆ ಹಾಲಿಗೆ ಮನುಷ್ಯ ಅಲುಗಾಡಿದರೆ ಮಾತ್ರ ಉರಿಯುವ ಲೈಟ್ ಹಾಕಿದ್ದರಂತೆ. ನಾನು ಕಲ್ಲಿನಂತೆ ನಿಂತಿದ್ದೆ, ಅದು ಆರಿತು. ಮಗ್ಗಗಳು ಪಾಪ ಓಡುತ್ತಲೇ ಇದ್ದವು, ಮುಚ್ಚಿದ ಕಿವಿಗೆ ಅದು ಕೇಳಲಿಲ್ಲ.

ದಲಾಲ ಕೂಗುತ್ತ ಬಂದ. ಸುವರ್ಣಾ ನನ್ನ ಕಿವಿಯ ಮುಚ್ಚಳ ತೆಗೆದಳು.

"ಏನ್ ಮಾಡಿದಿ ಅಜ್ಜಾ?"

"ಕರೆಂಟ್..."

"ಅಜ್ಜಾ, ಇದು ಯಡ್ರಾವ ಅಲ್ಲ."

ದನಿ ಏರಿಸಿರಲಿಲ್ಲ. ಅದಕ್ಕೇ ಹೆಚ್ಚು ತಾಗಿತು. ಆ ಗುಂಡಿ ಒಮ್ಮೆ ಒತ್ತಿದರೆ ಸುಲಭಕ್ಕೆ ಏಳುವುದಿಲ್ಲವಂತೆ. ಕೀಲಿ ತರಬೇಕು, ಒಂದೊಂದನ್ನೇ ಬಿಡಿಸಬೇಕು. ಬ್ರೂನೋ ಬಂದ, ಬೈಯಲಿಲ್ಲ. ಕೀಲಿ ಹುಡುಕಿ ತರುವಷ್ಟರಲ್ಲಿ ಅರ್ಧ ತಾಸು ಹೋಯಿತು. ನಾನು ಮೊದಲ ಮಗ್ಗದ ಹತ್ತಿರ, ತಲೆ ಎತ್ತಲಾಗದೆ, ಬಟ್ಟೆಯ ಮೇಲೆ ಕಣ್ಣಿಟ್ಟು ನಿಂತೆ. ಬ್ರೂನೋ ಅದನ್ನು ಶುರು ಮಾಡಿದ.

ಬಟ್ಟೆ ನಾಲ್ಕು ಬೆರಳು ಮುಂದೆ ಬಂದಾಗ ಕಂಡಿತು, ಈ ತುದಿಯಿಂದ ಆ ತುದಿಗೆ ಅಡ್ಡಲಾಗಿ ಒಂದು ಗೆರೆ. ನಿಂತ ಮಗ್ಗ ಸರಿಯಾಗಿ ಏಳದಿದ್ದರೆ ಆ ಜಾಗದಲ್ಲಿ ನೂಲು ಒತ್ತಾಗಿಯೋ ತೆಳ್ಳಗೋ ಬಿದ್ದು ಹೀಗೆ ಪಟ್ಟಿ ಮೂಡುತ್ತದೆ. ವ್ಯಾಪಾರಿ ಅದನ್ನು ನೋಡಿದರೆ ಥಾನಿಗೆ ಥಾನೇ ತಳ್ಳಿಹಾಕುತ್ತಾನೆ. ನೂಲು ಹರಿದಾಗ ಚಣಹೊತ್ತು ನಿಂತು ಏಳುವುದು ಬೇರೆ, ಅರ್ಧ ತಾಸು ನಿಂತು ಏಳುವುದು ಬೇರೆ.

"ಸುವರ್ಣಾ, ಇಲ್ಲೆ ಬಾ."

"ತಡಿ ಅಜ್ಜಾ, ಅವರು ಸಿಟ್ಟಿಗೆದ್ದಾರ."

"ಅವರ ಸಿಟ್ಟು ಆಮ್ಯಾಲೆ. ಬಟ್ಟಿ ನೋಡು."

ಅವಳು ಬಾಗಿದಳು. ಬೆರಳಿನಿಂದ ಗೆರೆ ಸವರಿದಳು. ಬ್ರೂನೋ ಎಬ್ಬಿಸುತ್ತಿದ್ದ ಎರಡನೆಯದಕ್ಕೆ ಹೋದಳು. ಅಲ್ಲಿಯೂ ಗೆರೆ. ಮೂರನೆಯದು ಸ್ವಚ್ಛ. ನಾಲ್ಕು, ಐದು ಸ್ವಚ್ಛ. ಆರನೆಯದರಲ್ಲಿ ಕುರುಡನೂ ಕೈಯಾಡಿಸಿ ಹೇಳಬಹುದಾದ ಪಟ್ಟಿ.

ದಲಾಲ ನಕ್ಕ. ತಿಂಗಳಿಗೆ ಒಮ್ಮೆ ಹೀಗಾದರೆ ಅಷ್ಟು ತುಂಡು ಕತ್ತರಿಸಿ ಬಿಸಾಡಿ ಎಂದ. ಸುವರ್ಣಾ ನನ್ನ ಕಡೆ ತಿರುಗಿದಳು.

"ದಿನಕ್ಕ ಎಷ್ಟ ಸಲ ಕರೆಂಟ್ ಹೋಗ್ತೈತಿ ಅಜ್ಜಾ ನಮ್ಮಲ್ಲೆ?"

"ಚಲೋ ದಿನಾನೋ, ಕೆಟ್ಟ ದಿನಾನೋ?"

ಅವಳು ದಲಾಲನಿಗೆ ಹೇಳಿದಳು, ಇನ್ನೊಮ್ಮೆ ನಿಲ್ಲಿಸಿ. ಅವನು ಒಪ್ಪಲಿಲ್ಲ. ಬ್ರೂನೋ ಅವನ ಮಾತು ಮುಗಿಯುವ ಮೊದಲೇ ಗುಂಡಿ ಒತ್ತಿದ್ದ. ಆ ಮಧ್ಯಾಹ್ನವೆಲ್ಲ ನಾವು ಮೂವರೂ ಅದೇ ಆಟ ಆಡಿದೆವು. ನಿಲ್ಲಿಸುವುದು, ಕಾಯುವುದು, ಎಬ್ಬಿಸುವುದು, ಬಾಗಿ ನೋಡುವುದು. ಮೂರು ಪ್ರತಿ ಸಲವೂ ಪಟ್ಟಿ ಹಾಕಿದವು, ಮೂರು ಹಾಕಲಿಲ್ಲ. ಬ್ರೂನೋ ಒಂದರ ಮುಚ್ಚಳ ಬಿಚ್ಚಿ ಬ್ರೇಕ್ ತೋರಿಸಿದ, ಸವೆದಿತ್ತು. ಇಷ್ಟು ದಿನ ನಿಲ್ಲದೆ ಓಡುವಲ್ಲಿ ಅದನ್ನು ಕೇಳಿದವರೇ ಇರಲಿಲ್ಲ.

ಅದೇ ಸಂಜೆ

ಆದರೆ ಕೊಡುವುದು ಆರೂ ಒಟ್ಟಿಗೆ. ಮೂರು ಒಳ್ಳೆಯವನ್ನು ಆರಿಸಿ ಕೊಡಲು ದಲಾಲ ತಯಾರಿಲ್ಲ. ಬಿಟ್ಟು ಹೋದರೆ ಯಡ್ರಾವದ ಶೆಡ್ ಖಾಲಿ, ತೆಗೆದುಕೊಂಡರೆ ಅರ್ಧ ಮಗ್ಗ ಪಟ್ಟಿ ನೇಯುತ್ತವೆ. ಬ್ರೇಕಿನ ಒಳಗಿನ ಸಾಮಾನು ಕೊಲ್ಲಾಪುರದಲ್ಲಿ ಮಾಡಿಸಬಹುದೆಂದು ಸುವರ್ಣಾ ಲೆಕ್ಕ ಹಾಕಿದಳು. ಮಾಡಿಸಿದ ಮೇಲೆ ಕೂಡಿಸುವವರು ಬೇಕು, ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಮತ್ತೆ ಪಟ್ಟಿ.

ಕಟ್ಟೆಯ ಮೇಲೆ ನನ್ನ ಮಗ್ಗುಲಲ್ಲಿ ಬಂದು ಕೂತಳು. ಬ್ರೂನೋ ಸ್ವಲ್ಪ ಆಚೆ ನಿಂತು ಕೈ ಒರೆಸಿಕೊಳ್ಳುತ್ತಿದ್ದ.

"ಅಜ್ಜಾ, ಈ ಬ್ರೇಕ್ ನಿನಗ ಕೂಡಸಾಕ ಬರ್ತೈತಿ?"

ಮೂರು ದಿನದಲ್ಲಿ ಅವಳು ನನ್ನನ್ನು ಜಾಬರ್ ಎಂದು ಕೆಲಸದ ಮಾತು ಕೇಳಿದ್ದು ಅದೇ ಮೊದಲು. ಬರುತ್ತದೆ ಎಂದರೆ ಮುಗಿಯಿತು. ನಾಲಿಗೆಯ ತುದಿಗೆ ಬಂದಿತ್ತು. ಅವತ್ತು ಪಟ್ಟಿ ಹಿಡಿದವನು ನಾನೇ, ಅವಳು ನಂಬುತ್ತಿದ್ದಳು. ಆಚೆ ನಿಂತ ಆ ನೆಟ್ಟಗಿನ ಬೆನ್ನಿನವನನ್ನು ನೋಡಿದೆ. ಬರುತ್ತದೆ ಎನ್ನಬೇಕೆಂದು ನನಗೆ ಬಹಳ ಆಸೆಯಾಯಿತು. ಆದರೆ ಆ ಬ್ರೇಕ್ ತುಂಬ ವೈರು. ನಾನು ಸರಿಮಾಡಿದ್ದು ಪಟ್ಟಾ, ಗಾಲಿ, ಕಟ್ಟಿಗೆ. ಮತ್ತು ಅಲ್ಲಿ ಶೋಭಕ್ಕನವರ ಶೆಡ್ ಖಾಲಿ ಇತ್ತು, ನನ್ನ ಸುಳ್ಳಿಗೆ ಐದು ಮನೆ ಬೆಲೆ ತೆರಬೇಕಾಗುತ್ತಿತ್ತು.

"ಬರೂದಿಲ್ಲವ್ವಾ," ಎಂದೆ. "ಅವನಿಗೆ ಬರ್ತೈತಿ. ಅವನ್ನ ಕೇಳು. ಒಂದ್ ತಿಂಗಳ ನಮ್ಮ ಕಡೆ ಬಾ ಅನ್ನು. ಇರಾಕ ನಮ್ಮ ಮನಿ ಐತಿ."

ಅವಳು ನನ್ನ ಮುಖವನ್ನೇ ನೋಡಿದಳು.

"ಬರೂದಿಲ್ಲ ಅಂತ ನನಗ ಗೊತ್ತಿತ್ತಜ್ಜಾ. ನೀ ಹೇಳ್ತಿಯೋ ಇಲ್ಲೋ ಅಂತ ಕಾಯಾಕತ್ತಿದ್ದೆ."

ಬ್ರೂನೋನನ್ನು ಕೇಳಿದಳು.  ಅವನು, ಈ ಹುಡುಗಿ ನಿನಗೆ ಏನಾಗಬೇಕು ಎಂಬಂತೆ, ಅವಳನ್ನೂ ನನ್ನನ್ನೂ ಬೆರಳಿನಿಂದ ಜೋಡಿಸಿ ತೋರಿಸಿದ. ಮೊಮ್ಮಗಳು ಎಂದಳು ಅವಳು. ತನ್ನ ಮನೆಯಲ್ಲಿ ನಾಲ್ವರು ಮೊಮ್ಮಕ್ಕಳಿದ್ದಾರೆ, ಒಬ್ಬರೂ ಈ ಗಿರಣಿಯ ಹೊಸ್ತಿಲು ದಾಟಿಲ್ಲ ಎಂದು ಅವನು ದಲಾಲನನ್ನು ಕರೆದು ಹೇಳಿಸಿದ. ಕಡೆಗೆ, ಬರುತ್ತೇನೆ ಎಂದ. ಒಂದು ಶರತ್ತು, ಚಟ್ನಿ ದಿನಾಲೂ ಇರಬೇಕು.

ಕಾಗದಕ್ಕೆ ಸಹಿ ಹಾಕಿ ಸುವರ್ಣಾ ಹೊರಗೆ ಬಂದಳು. ಸಿಲ್ವಾನಾ ಬಾಯಿಯ ಮನೆಯವರೆಗೆ ಇಬ್ಬರೂ ನಡೆದೇ ಹೋದೆವು. ಅವಳು ಯಡ್ರಾವಕ್ಕೆ ಫೋನ್ ಹಚ್ಚಿದ್ದಳು. ಆ ಕಡೆ ನಾಲ್ವರೂ ಒಟ್ಟಿಗೆ ಮಾತಾಡುತ್ತಿದ್ದರು, ನನ್ನ ಕಿವಿಗೂ ಕೇಳುವಷ್ಟು ಜೋರಾಗಿ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇವರ ತಂತಿ, ಇವರ ನೆಲ, ಇವರ ಲೈಟು, ಎಲ್ಲವೂ ಇವರ ಹತ್ತಿರವೇ ಇರಲಿ ಎನ್ನಿಸಿತು.

ಬ್ರೂನೋನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಹೋಗಿಲ್ಲ. ಅವನು ನಮ್ಮಲ್ಲಿ ಬಂದು ಇರುವ ತಿಂಗಳು ಪೂರ್ತಿ ನನ್ನ ಮೊಮ್ಮಗಳು ಅವನ ಮಗ್ಗುಲಲ್ಲಿ ಕೂತು ಕಲಿಯುತ್ತಾಳೆ. ನಾನು ಅವರ ಹಿಂದೆ ಒಂದು ಸ್ಟೂಲ್ ಹಾಕಿಕೊಳ್ಳುವವನಿದ್ದೇನೆ.